ಗಡಿಗೆರೆಯಿಂದ ಪ್ರಾರಂಭವಾಗುವ ನಡಿಗೆ: ನೋವಾ ಗೊರಿತ್ಸಾ ತೋರಿಸುವ ನನ್ನ ಕ್ರಮ

ಲ್ಯುಬ್ಲ್ಯಾನಾದಲ್ಲಿ ನೆಲೆಸಿದ ಮೇಲೆ, ಊರಿನಿಂದ ಬರುವ ಬಂಧುಗಳಿಗೂ ಸ್ನೇಹಿತರಿಗೂ ಸ್ಲೊವೇನಿಯಾದ ಹಳೆಯ ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಈ ನಡಿಗೆಗಳನ್ನು ನಾನು ಊರಿನ ಅತಿ ಪ್ರಸಿದ್ಧ ಕಟ್ಟಡದಿಂದ ಪ್ರಾರಂಭಿಸುವುದಿಲ್ಲ. ಆ ಊರು ಏಕೆ ಹೀಗೆ ಬೆಳೆಯಿತು ಎಂಬುದರ ಕಾರಣ ಕಣ್ಣಿಗೆ ಕಾಣುವ ಜಾಗದಿಂದ ಪ್ರಾರಂಭಿಸುತ್ತೇನೆ. ಕಡಲತೀರದ ಪಟ್ಟಣ ಪಿರಾನ್‌ನಲ್ಲಿ ಎಲ್ಲರೂ ಮೊದಲು ನೋಡಬಯಸುವುದು ತಾರ್ತಿನಿ ಚೌಕವನ್ನು. ನಾನು ಮಾತ್ರ ಅವರನ್ನು ಮೊದಲು ಒಳಗಿನ ಹಳೆಯ ಚೌಕಕ್ಕೆ ಕರೆದೊಯ್ದು, ಮಳೆನೀರು ಸಂಗ್ರಹಿಸಲು 18ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ತೊಟ್ಟಿಯನ್ನು ತೋರಿಸುತ್ತೇನೆ. ಆ ಬಳಿಕ ತಾರ್ತಿನಿ ಚೌಕಕ್ಕೆ ಇಳಿದು, ಇದು 1894ರಲ್ಲಿ ಮುಚ್ಚುವವರೆಗೂ ದೋಣಿಗಳು ನಿಲ್ಲುತ್ತಿದ್ದ ಒಳಬಂದರು ಎಂದು ಹೇಳಿದರೆ, ಆ ಚೌಕದ ಬಾಗಿದ ಅಂಚು ಏಕೆ ಹಾಗಿದೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಈ ಕ್ರಮ ಅತ್ಯಂತ ಚೆನ್ನಾಗಿ ಒದಗಿಬರುವುದು ಇಟಲಿಯ ಗಡಿಯಲ್ಲಿರುವ ನೋವಾ ಗೊರಿತ್ಸಾದಲ್ಲಿ. ಬೆಳಗ್ಗೆ ರೈಲು ನಿಲ್ದಾಣದ ಮುಂದಿನ ಚೌಕದಲ್ಲಿ ಎಲ್ಲರನ್ನೂ ನಿಲ್ಲಿಸಿ, ಈ ನಿಲ್ದಾಣದ ಊರು ಎಲ್ಲಿದೆ ಎಂದು ಕೇಳುತ್ತೇನೆ. 1906ರಲ್ಲಿ ತೆರೆದ ಈ ಭವ್ಯ ಕಟ್ಟಡದ ಮುಖವಿರುವುದು ಹಳೆಯ ಗೊರಿತ್ಸಿಯಾ ನಗರದ ಕಡೆಗೆ, ಎಂದರೆ ಇಂದಿನ ಇಟಲಿಯ ಕಡೆಗೆ. 1947ರಲ್ಲಿ ಎಳೆದ ಗಡಿಯು ನಗರವನ್ನು ಇಟಲಿಗೆ ಉಳಿಸಿ, ನಿಲ್ದಾಣವನ್ನೂ ಸುತ್ತಲಿನ ಹಳ್ಳಿಗಳನ್ನೂ, ಸ್ಲೊವೇನಿಯಾ ಆಗ ಸೇರಿದ್ದ ಯುಗೊಸ್ಲಾವಿಯಕ್ಕೆ ಕೊಟ್ಟಿತು. ನಗರವನ್ನು ಕಳೆದುಕೊಂಡ ಪ್ರದೇಶಕ್ಕೆಂದು 1948ರಿಂದ ಕಟ್ಟಲು ಹೊರಟ ಹೊಸ ಊರೇ ನೋವಾ ಗೊರಿತ್ಸಾ. ಅದರ ನಕ್ಷೆ ರೂಪಿಸಿದ ಎಡ್ವರ್ಡ್ ರಾವ್ನಿಕರ್, ಮುಂದೆ ಚಂಡೀಗಢವನ್ನು ಯೋಜಿಸಿದ ಲೆ ಕಾರ್ಬೂಸಿಯೆಯ ಪ್ಯಾರಿಸ್ ಕಚೇರಿಯಲ್ಲಿ ಕೆಲಸ ಮಾಡಿದ್ದವರು. ಈ ಮಾತು ಹೇಳಿದೊಡನೆ ಅಗಲ ರಸ್ತೆಗಳನ್ನೂ ಮರಗಳ ಸಾಲನ್ನೂ ನಮ್ಮವರು ಬೇರೆಯೇ ಗಮನದಿಂದ ನೋಡತೊಡಗುತ್ತಾರೆ. ಚೌಕದ ನಡುವಿದ್ದ ಬೇಲಿಯನ್ನು 2004ರಲ್ಲಿ ತೆಗೆದರು. ಅಲ್ಲಿ ಈಗ ನೆಲದ ಮೇಲೊಂದು ದುಂಡನೆಯ ಫಲಕವಿದೆ. ಅದರ ಮೇಲೆ ಎರಡು ದೇಶಗಳಲ್ಲಿ ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುವ ಆಸೆ ಸಹಜವಾದದ್ದೇ, ಆದರೆ ನಿಲ್ದಾಣದೊಳಗಿನ ಪುಟ್ಟ ಗಡಿ ಸಂಗ್ರಹಾಲಯವನ್ನು ಮೊದಲು ನೋಡಿಬಂದರೆ ಆ ಚಿತ್ರಕ್ಕೂ ಅರ್ಥ ಬರುತ್ತದೆ. 2023ರ ಶರತ್ಕಾಲದಲ್ಲಿ ಇಟಲಿ ಈ ಗಡಿಯಲ್ಲಿ ತಪಾಸಣೆಯನ್ನು ಮತ್ತೆ ಪ್ರಾರಂಭಿಸಿದ್ದರಿಂದ, ಭಾರತದಿಂದ ಬಂದವರು ಪಾಸ್‌ಪೋರ್ಟನ್ನು ಜೇಬಿನಲ್ಲೇ ಇಟ್ಟುಕೊಂಡಿರಬೇಕೆಂದು ನಾನು ಒತ್ತಾಯಿಸುತ್ತೇನೆ.

ಅಲ್ಲಿಂದ ಕೊಸ್ತಾನ್ಯೆವಿತ್ಸಾ ಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿ ರಾಫುತ್ ವಿಲ್ಲಾ ಸಿಗುತ್ತದೆ. ಇಡೀ ನಡಿಗೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿ, ವಿದೇಶಿ ಮರಗಳ ತೋಟದ ನಡುವೆ, ಮಿನಾರಿನಂಥ ಗೋಪುರವುಳ್ಳ ಮಧ್ಯಯುಗದ ಈಜಿಪ್ಟಿನ ಮಾಮ್ಲೂಕ್ ಶೈಲಿಯ ಮನೆಯನ್ನು ಯಾರೂ ನಿರೀಕ್ಷಿಸಿರುವುದಿಲ್ಲ. ಇದನ್ನು ಮೊದಲನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ತನಗಾಗಿ ಕಟ್ಟಿಸಿಕೊಂಡವರು ಗೊರಿತ್ಸಿಯಾದಲ್ಲಿ 1856ರಲ್ಲಿ ಹುಟ್ಟಿ, ಈಜಿಪ್ಟಿನ ದೊರೆಯಾಗಿದ್ದ ಖೆದೀವನ ಅರಮನೆಗಳ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಂತೋನ್ ಲಾಶ್ಚಾಕ್. ಶ್ರೀಮಂತನೊಬ್ಬನ ವಿಚಿತ್ರ ಅಭಿರುಚಿ ಎಂದು ಇದನ್ನು ನೋಡಿ ಮುಂದೆ ಹೋಗುವುದು ಸುಲಭ. ಹಾಗಾಗಬಾರದೆಂಬುದು ನನ್ನ ಕಾಳಜಿ. ಏಕೆಂದರೆ ಈ ಸೀಮೆಯಿಂದ ಈಜಿಪ್ಟಿಗೆ ಹೋದವರು ಲಾಶ್ಚಾಕ್ ಒಬ್ಬರೇ ಅಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ, ಇಲ್ಲಿಯ ವಿಪಾವಾ ಕಣಿವೆಯ ಹಳ್ಳಿಗಳ ಅನೇಕ ಹೆಣ್ಣುಮಕ್ಕಳು ತ್ರಿಯೆಸ್ತೆ ಬಂದರಿನಿಂದ ಹಡಗು ಹತ್ತಿ, ಅಲೆಕ್ಸಾಂಡ್ರಿಯಾ ಮತ್ತು ಕೈರೋ ನಗರಗಳ ಸಿರಿವಂತರ ಮನೆಗಳಲ್ಲಿ ದಾದಿಯರಾಗಿ, ಹಾಲೂಡಿಸುವವರಾಗಿ ದುಡಿದು, ಹೊಲಮನೆಗಳ ಸಾಲ ತೀರಿಸಲು ಹಣ ಕಳುಹಿಸುತ್ತಿದ್ದರು. ಅವರಲ್ಲಿ ಹಲವರು ತಮ್ಮ ಹಸುಗೂಸುಗಳನ್ನು ಇಲ್ಲಿಯೇ ಬಿಟ್ಟು ಹೋಗಿದ್ದರು. ಜನ ಅವರನ್ನು ಅಲೆಕ್ಸಾಂಡ್ರಿಂಕೆ ಎಂದು ಕರೆದರು. ಪ್ರವಾಚಿನಾ ಎಂಬ ಹಳ್ಳಿಯಲ್ಲಿ ಅವರ ನೆನಪಿಗೆ ಒಂದು ಸಂಗ್ರಹಾಲಯವಿದೆ. ಒಮ್ಮೆ ನನ್ನೊಡನೆ ಬಂದಿದ್ದ ಮಂಗಳೂರಿನ ಹಿರಿಯರೊಬ್ಬರು ಇದನ್ನು ಕೇಳಿ, ಕೊಲ್ಲಿ ದೇಶಗಳಲ್ಲಿ ನರ್ಸ್ ಆಗಿ ದುಡಿದ ತಮ್ಮ ಅಕ್ಕನ ವಿಷಯವನ್ನು ಬಹಳ ಹೊತ್ತು ಹೇಳಿದರು. ಅಂಥ ಮಾತಿಗೆ ಬಿಡುವಿರಲೆಂದು ನಾನು ಈ ನಿಲುಗಡೆಯ ನಂತರದ ಸಮಯವನ್ನು ಬಿಗಿಯಾಗಿ ಗೊತ್ತುಮಾಡುವುದಿಲ್ಲ. ವಿಲ್ಲಾದ ಒಳಗೆ ಪ್ರವೇಶವಿದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಗುಡ್ಡದ ಮೇಲಿನ ಫ್ರಾನ್ಸಿಸ್ಕನ್ ಮಠದ ನೆಲಮಾಳಿಗೆಯಲ್ಲಿ, ಸಿಂಹಾಸನ ಕಳೆದುಕೊಂಡು 1836ರಲ್ಲಿ ಗೊರಿತ್ಸಿಯಾದಲ್ಲಿ ತೀರಿಕೊಂಡ ಫ್ರಾನ್ಸಿನ ಹತ್ತನೆಯ ಚಾರ್ಲ್ಸ್ ದೊರೆಯ ಸಮಾಧಿಯಿದೆ. ಇಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ.

ಸೋಚಾ ನದಿಯ ಸೋಲ್ಕಾನ್ ಸೇತುವೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ, ಕಾಲಿನಲ್ಲಿ ಶಕ್ತಿ ಉಳಿದವರಿಗೆ ಮಾತ್ರ ಇಟ್ಟುಕೊಂಡಿದ್ದೇನೆ. 85 ಮೀಟರ್ ಅಗಲಕ್ಕೆ ಚಾಚಿದ ಅದರ ಕಮಾನು, ಕತ್ತರಿಸಿದ ಕಲ್ಲಿನಿಂದ ಕಟ್ಟಿದ ರೈಲು ಸೇತುವೆಗಳಲ್ಲಿ ಜಗತ್ತಿನಲ್ಲೇ ದೊಡ್ಡದು. 1916ರಲ್ಲಿ ಹಿಮ್ಮೆಟ್ಟುತ್ತಿದ್ದ ಆಸ್ಟ್ರಿಯಾ-ಹಂಗೇರಿಯ ಸೈನ್ಯ ಅದನ್ನು ಸಿಡಿಸಿತು, ಯುದ್ಧದ ನಂತರ ಇಟಲಿ ಅದನ್ನು ಮತ್ತೆ ಕಲ್ಲಿನಿಂದಲೇ ಕಟ್ಟಿತು. ಸೇತುವೆಯನ್ನು ಮೇಲಿನಿಂದಲ್ಲ, ನದಿಯ ದಡದಿಂದ ನೋಡಬೇಕು. ಸೋಚಾದ ಹಸಿರು ನೀರಿನ ಮೇಲೆ ಕಮಾನು ಪೂರ್ತಿಯಾಗಿ ಕಾಣುವುದು ಅಲ್ಲಿಂದಲೇ. ಆ ಮಾರ್ಗದಲ್ಲಿ ರೈಲುಗಳು ಕಡಿಮೆ. ಅದರ ಮೇಲೆ ರೈಲು ಹಾಯುವುದನ್ನು ನೋಡಬೇಕೆನ್ನುವವರಿಗಾಗಿ ವೇಳಾಪಟ್ಟಿ ನೋಡಿಯೇ ಊಟದ ಹೊತ್ತನ್ನು ಗೊತ್ತುಪಡಿಸುತ್ತೇನೆ.