ದೂರು ಪುಟ ಕಟ್ಟುವವರಿಗೆ: ‘ಸಲ್ಲಿಸಿ’ ಒತ್ತಿದ ಮೇಲಿನ ಕೆಲಸ

ಪಾಲಿಕೆಯಿರಲಿ, ಜಲಮಂಡಳಿಯಿರಲಿ, ಗ್ರಾಹಕರಿರುವ ಖಾಸಗಿ ಸಂಸ್ಥೆಯಿರಲಿ, ಜಾಲತಾಣದಲ್ಲಿ ದೂರು ತೆಗೆದುಕೊಳ್ಳುವುದು ಸುಲಭದ ಭಾಗ. ನಮೂನೆಯೊಂದನ್ನು ವಾರದೊಳಗೆ ಕಟ್ಟಿಬಿಡಬಹುದು. ಆ ದೂರು ಸರಿಯಾದ ಎಂಜಿನಿಯರ್ ಕೈಗೆ ಹೋಗಿ, ಕೆಲಸವಾಗಿ, ಕೊಟ್ಟವರಿಗೆ ಉತ್ತರ ತಲುಪುವವರೆಗಿನ ದಾರಿ ಕಟ್ಟುವುದೇ ಕಷ್ಟ. ಹಾಗಾಗಿ ಪರದೆಯ ವಿನ್ಯಾಸಕ್ಕೆ ಕೈ ಹಾಕುವ ಮೊದಲು ಒಂದು ಹಾಳೆ ತೆಗೆದುಕೊಂಡು ಯಾವ ದೂರು ಯಾರಿಗೆ ಸೇರುತ್ತದೆ ಎಂದು ಬರೆದುಕೊಳ್ಳಿ.

ಬೆಂಗಳೂರಿನಲ್ಲಿ ಈ ಹಾಳೆ ಅಷ್ಟು ಸರಳವಲ್ಲ. ರಸ್ತೆಯಲ್ಲಿ ನೀರು ನಿಂತಿದೆ ಎಂಬ ಒಂದೇ ದೂರನ್ನು ನೋಡಿ. ಮಳೆನೀರಿನ ಚರಂಡಿ ಅಥವಾ ರಾಜಕಾಲುವೆ ಕಟ್ಟಿಕೊಂಡಿದ್ದರೆ ಪಾಲಿಕೆ ಬರಬೇಕು. ಒಳಚರಂಡಿಯ ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಅಥವಾ ಕುಡಿಯುವ ನೀರಿನ ಕೊಳವೆ ಒಡೆದಿದ್ದರೆ ಜಲಮಂಡಳಿ. ಬೀದಿದೀಪ ಉರಿಯದಿದ್ದರೆ ಜನ ಬೆಸ್ಕಾಂಗೆ ಫೋನ್ ಮಾಡುತ್ತಾರೆ, ಆದರೆ ದೀಪದ ನಿರ್ವಹಣೆ ಪಾಲಿಕೆಯದು. ಇದನ್ನೆಲ್ಲ ದೂರುದಾರರೇ ತಿಳಿದಿರಬೇಕು ಎಂದು ಬಯಸುವುದು ಅನ್ಯಾಯ. ‘ಇಲಾಖೆ ಆಯ್ಕೆ ಮಾಡಿ’ ಎಂಬ ಪಟ್ಟಿಯನ್ನು ತೆಗೆದುಹಾಕಿ, ‘ಏನು ಕಾಣುತ್ತಿದೆ?’ ಎಂದು ಕೇಳಿ. ಚರಂಡಿ ತುಂಬಿ ಹರಿಯುತ್ತಿದೆ, ನಲ್ಲಿಯಲ್ಲಿ ನೀರಿಲ್ಲ, ಕಸ ಎತ್ತಿಲ್ಲ ಎಂಬಂಥ 12ರಿಂದ 15 ಆಯ್ಕೆಗಳನ್ನು ಚಿತ್ರಸಮೇತ ಕೊಟ್ಟರೆ ಸಾಕು. ಇಲಾಖೆ ಯಾವುದೆಂಬುದನ್ನು ಹಿಂಬದಿಯ ಕೋಷ್ಟಕ ನಿರ್ಧರಿಸಲಿ. ತಪ್ಪಾದರೆ ಸಿಬ್ಬಂದಿ ವರ್ಗಾಯಿಸಲಿ, ಆದರೆ ದೂರಿನ ಸಂಖ್ಯೆ ಬದಲಾಗಕೂಡದು. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಬರೆದು ದೂರನ್ನು ಮುಚ್ಚುವ ಅವಕಾಶವೇ ತಂತ್ರಾಂಶದಲ್ಲಿ ಇರಬಾರದು. ಜನರ ನಂಬಿಕೆ ಹೆಚ್ಚಾಗಿ ಕಳೆದುಹೋಗುವುದು ಇಲ್ಲೇ.

ಸ್ಥಳ ಮತ್ತು ವಾರ್ಡ್

ವಾರ್ಡ್ ಸಂಖ್ಯೆಯನ್ನೂ ಜನರಿಂದ ಕೇಳಬೇಡಿ, ಅದನ್ನು ದೂರಿನ ಸ್ಥಿರ ಗುರುತಾಗಿಯೂ ಉಳಿಸಬೇಡಿ. 198 ವಾರ್ಡ್‌ಗಳ ಕಾಲದಲ್ಲಿ ಕಟ್ಟಿದ ಪಟ್ಟಿಗಳು ಗಡಿ ಬದಲಾದ ಕೂಡಲೇ ಕೆಲಸಕ್ಕೆ ಬಾರದೆ ಹೋದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಗಡಿ ಮುಂದೆಯೂ ಬದಲಾಗಬಹುದು, ರಸ್ತೆಗುಂಡಿ ಇರುವ ಜಾಗ ಬದಲಾಗುವುದಿಲ್ಲ. ಆದ್ದರಿಂದ ಅಕ್ಷಾಂಶ, ರೇಖಾಂಶ ಉಳಿಸಿ. ವಾರ್ಡ್ ಗಡಿಗಳ ನಕ್ಷೆಯನ್ನು ಪೋಸ್ಟ್‌ಜಿಐಎಸ್‌ನಂಥ ದತ್ತಾಂಶಕೋಶದಲ್ಲಿಟ್ಟು, ಪ್ರತಿ ಗಡಿಗೂ ‘ಜಾರಿಯಾದ ದಿನ’, ‘ಮುಕ್ತಾಯದ ದಿನ’ ಎಂಬ ಎರಡು ದಿನಾಂಕ ಸೇರಿಸಿ. ಆಗ ಹಳೆಯ ದೂರು ಹಳೆಯ ವಾರ್ಡ್‌ನಲ್ಲೂ ಹೊಸದು ಹೊಸ ವಾರ್ಡ್‌ನಲ್ಲೂ ತಾನಾಗಿ ಸರಿಯಾಗಿ ಸೇರುತ್ತದೆ.

ಬ್ರೌಸರ್ ಸ್ಥಳ ಕೊಡುವುದು ಸುರಕ್ಷಿತ, ಅಂದರೆ ಎಚ್‌ಟಿಟಿಪಿಎಸ್ ಪುಟಕ್ಕೆ ಮಾತ್ರ. ಸ್ಥಳದ ಜೊತೆಗೆ ನಿಖರತೆಯನ್ನೂ ಮೀಟರ್‌ಗಳಲ್ಲಿ ಕೊಡುತ್ತದೆ. ಬಹಳಷ್ಟು ಪುಟಗಳು ಈ ಅಂಕಿಯನ್ನು ನೋಡುವುದೇ ಇಲ್ಲ. ಚಿಕ್ಕಪೇಟೆಯ ಗಲ್ಲಿಗಳಲ್ಲಿ, ಮೇಲ್ಸೇತುವೆಗಳ ಕೆಳಗೆ ಅದು ಸುಲಭವಾಗಿ 100 ಮೀಟರ್ ದಾಟಬಹುದು. 50ಕ್ಕಿಂತ ಹೆಚ್ಚು ಬಂದರೆ ನಕ್ಷೆಯ ಗುರುತನ್ನು ಕೈಯಿಂದ ಸರಿಸಲು ಹೇಳಿ, ‘ಹತ್ತಿರ ಏನಿದೆ?’ ಎಂಬ ಒಂದು ಸಾಲನ್ನೂ ಬರೆಸಿಕೊಳ್ಳಿ. ಬೀದಿದೀಪಕ್ಕಾದರೆ ಕಂಬದ ಸಂಖ್ಯೆ, ಮನೆಯ ವಿದ್ಯುತ್ತಿಗಾದರೆ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಕೇಳಿದರೆ ಲೈನ್‌ಮನ್ ಹುಡುಕಾಡಬೇಕಾಗಿಲ್ಲ.

ಕನ್ನಡ ಕೆಡುವ ಜಾಗಗಳು

ಕನ್ನಡ ಪುಟ ಎಂದರೆ ಪರದೆಯ ಗುಂಡಿಗಳ (ಬಟನ್) ಮೇಲೆ ಕನ್ನಡ ಬರೆದುಬಿಡುವುದು ಎಂದುಕೊಂಡವರು ಒಂದೇ ತಿಂಗಳಲ್ಲಿ ತೊಂದರೆಗೆ ಸಿಕ್ಕುತ್ತಾರೆ. ಕನ್ನಡದ ಪ್ರತಿ ಸಂಕೇತವೂ, ಅಂದರೆ ವ್ಯಂಜನ, ಸ್ವರಚಿಹ್ನೆ, ಒತ್ತಿನ ಗುರುತು ಎಂಬ ಪ್ರತಿ ಬಿಡಿ ತುಂಡೂ, ಜಾಲಪುಟಗಳು ಬಳಸುವ ಯುಟಿಎಫ್-8 ಬರಹಕ್ರಮದಲ್ಲಿ 3 ಬೈಟ್ ತಿನ್ನುತ್ತದೆ. ‘ವೆಂಕಟೇಶಮೂರ್ತಿ’ ಎಂಬುದರಲ್ಲಿ 13 ಸಂಕೇತಗಳಿವೆ, ಅಂದರೆ 39 ಬೈಟ್. ಹೆಸರಿನ ಅಂಕಣಕ್ಕೆ 50 ಬೈಟ್ ಮಿತಿಯಿದ್ದರೆ ತಂದೆಯ ಹೆಸರು ಸೇರಿಸುವಷ್ಟರಲ್ಲಿ ಜಾಗ ಮುಗಿಯುತ್ತದೆ. ಮಿತಿಯನ್ನು ಸಂಕೇತಗಳ ಲೆಕ್ಕದಲ್ಲಿ, ಕನಿಷ್ಠ 150 ಎಂದು ಇಡಿ.

ಎರಡನೆಯದು ಹುಡುಕಾಟದ ತೊಂದರೆ. ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ‘ಕೋ’ಗೂ ಇದೇ ತೊಂದರೆ, ಹೀಗಾಗಿ ‘ಕೋರಮಂಗಲ’ ಎಂದು ಹುಡುಕಿದರೆ ಹಲವು ದೂರುಗಳು ಕಾಣದೆ ಹೋಗಬಹುದು. ಉಳಿಸುವ ಮುನ್ನವೂ ಹುಡುಕುವ ಮುನ್ನವೂ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಂದೇ ಬಗೆಯ ರೂಪಕ್ಕೆ ತನ್ನಿ. ‘ರಾಜ್‌ಕುಮಾರ್’ನಂಥ ಹೆಸರಿನ ನಡುವೆ ಕಣ್ಣಿಗೆ ಕಾಣದ, ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ ಚಿಹ್ನೆಯೊಂದಿರುತ್ತದೆ. ಅದನ್ನು ಹುಡುಕಾಟದ ಪ್ರತಿಯಲ್ಲಿ ಮಾತ್ರ ತೆಗೆಯಿರಿ, ಮೂಲ ಹೆಸರಿನಲ್ಲಿ ಉಳಿಸಿ.

ಕಚೇರಿಯ ಹಳೆಯ ಕಡತಗಳಿಂದ ನಕಲು ಮಾಡಿದ ಪಠ್ಯವನ್ನೂ ಗಮನಿಸಿ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಜಾಲಪುಟಕ್ಕೆ ಅಂಟಿಸಿದರೆ ರೋಮನ್ ಅಕ್ಷರಗಳ ಗೊಂದಲವಾಗಿ ಬೀಳುತ್ತದೆ. ಸಿಬ್ಬಂದಿಯ ಉತ್ತರದ ಪೆಟ್ಟಿಗೆಯಲ್ಲೇ ಇದನ್ನು ಪತ್ತೆಹಚ್ಚಿ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ಕೊಡಿ. ಇಲ್ಲದಿದ್ದರೆ ಆ ಗೊಂದಲವೇ ದೂರುದಾರರ ಫೋನಿಗೆ ಹೋಗುತ್ತದೆ.

ಸ್ವೀಕೃತಿಯ ಪಿಡಿಎಫ್ ಬಗ್ಗೆ ವಿಶೇಷ ಎಚ್ಚರ ಬೇಕು. ಅಕ್ಷರ ಜೋಡಣೆ ಬಾರದ ಪಿಡಿಎಫ್ ಲೈಬ್ರರಿಗಳು ಒತ್ತಕ್ಷರವನ್ನು ಬಿಡಿಸಿ ಸಾಲಾಗಿ ಇಟ್ಟುಬಿಡುತ್ತವೆ. ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಕಟ್ಟಿ, ಸರ್ವರ್‌ನಲ್ಲಿ ಪರದೆಯಿಲ್ಲದೆ ಓಡುವ ಬ್ರೌಸರ್ ಆದ ಕ್ರೋಮಿಯಂನಿಂದ ಪಿಡಿಎಫ್ ತೆಗೆದರೆ ಈ ತಾಪತ್ರಯ ಇರುವುದಿಲ್ಲ. ‘ಕ್ಷ’, ‘ಸ್ತ್ರೀ’, ‘ರ್ಥ’ ಮೂರೂ ಇರುವ ಒಂದು ವಾಕ್ಯ ಮುದ್ರಿಸಿ ನೋಡಿ. ಪರದೆಯ ಮೇಲೆ ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲಬಹುದು.

ನಮೂನೆ

ಚಿಕ್ಕದಾದಷ್ಟೂ ಒಳ್ಳೆಯದು: ಸಮಸ್ಯೆ, ಸ್ಥಳ, ಒಂದು ಫೋಟೋ, ಮೊಬೈಲ್ ಸಂಖ್ಯೆ, ಹೆಸರು. ಹೆಸರಿಗೆ ಒಂದೇ ಅಂಕಣವಿರಲಿ. ನಮ್ಮಲ್ಲಿ ಬಹಳ ಜನರಿಗೆ ಕೊನೆಯ ಹೆಸರು ಎಂಬುದಿಲ್ಲ, ಇನಿಷಿಯಲ್ ಇರುತ್ತದೆ. ಅದರ ಚುಕ್ಕೆಯನ್ನು ತಪ್ಪೆಂದು ತೋರಿಸುವ ಪುಟಗಳು ಇಂದಿಗೂ ಇವೆ. ರಸ್ತೆಗುಂಡಿ ಮುಚ್ಚಿಸಲು ಆಧಾರ್ ಸಂಖ್ಯೆ ಬೇಕಿಲ್ಲ, ಕೇಳಬೇಡಿ. ಪಿನ್‌ಕೋಡ್‌ನ್ನು ಯಾರಾದರೂ ೫೬೦೦೦೪ ಎಂದು ಬರೆದರೆ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಅಂಕಿ ಪರೀಕ್ಷೆ ಅದನ್ನು ಒಪ್ಪುವುದಿಲ್ಲ. ಮೊದಲು ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿ, ಆಮೇಲೆ ಪರೀಕ್ಷಿಸಿ.

ಫೋನಿನ ಫೋಟೋ ಹಲವು ಎಂಬಿ ಇರುತ್ತದೆ. ಕಳಿಸುವ ಮೊದಲೇ ಬ್ರೌಸರ್‌ನಲ್ಲಿ ಉದ್ದದ ಬದಿ 1600 ಪಿಕ್ಸೆಲ್‌ಗೆ, ಜೆಪೆಗ್ ಗುಣಮಟ್ಟ 0.7ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ಹೀಗೆ ಇಳಿಸಿದಾಗ ಫೋಟೋದೊಳಗಿನ ಸ್ಥಳದ ಮಾಹಿತಿ ಅಳಿಸಿಹೋಗುತ್ತದೆ, ಆದ್ದರಿಂದ ಸ್ಥಳವನ್ನು ಬೇರೆಯಾಗಿಯೇ ತೆಗೆದುಕೊಳ್ಳಿ. ನೆಟ್‌ವರ್ಕ್ ನಿಧಾನವಾದಾಗ ಜನ ‘ಸಲ್ಲಿಸಿ’ ಎಂಬುದನ್ನು ಮೂರು ಸಲ ಒತ್ತುತ್ತಾರೆ. ಪುಟ ತೆರೆದಾಗಲೇ ಒಂದು ಅನನ್ಯ ಕೀಲಿ (ಬೇರೆಲ್ಲೂ ಬಾರದ ಗುರುತು) ಹುಟ್ಟಿಸಿ, ಅದೇ ಕೀಲಿ ಮತ್ತೆ ಬಂದರೆ ಹಳೆಯ ಸಂಖ್ಯೆಯನ್ನೇ ತಿರುಗಿ ಕೊಡಿ. ಅರ್ಧ ತುಂಬಿದ ನಮೂನೆಯನ್ನು ಬ್ರೌಸರ್‌ನಲ್ಲಿ ಉಳಿಸುವುದು ಉಪಕಾರವೇ, ಆದರೆ ಸೈಬರ್ ಸೆಂಟರ್‌ನ ಗಣಕದಲ್ಲಿ ಹೆಸರು, ಫೋನ್ ಸಂಖ್ಯೆ ಮುಂದಿನವರಿಗೆ ಕಾಣಿಸುತ್ತದೆ. ಸಮಸ್ಯೆ ಮತ್ತು ಸ್ಥಳ ಮಾತ್ರ ಉಳಿಸಿ.

ಸಂಖ್ಯೆ, ಗಡುವು, ಸಂದೇಶ

ಮಾದರಿ ನಮ್ಮ ರಾಜ್ಯದಲ್ಲೇ ಇದೆ. 2011ರ ಸಕಾಲ ಕಾಯ್ದೆಯಡಿ ಅರ್ಜಿದಾರರಿಗೆ ಅರ್ಜಿಯ ಗುರುತಾಗಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ, ಸೇವೆಗೆ ಗಡುವಿರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಮೇಲ್ಮನವಿಗೆ ಅಧಿಕಾರಿ. ನಿಮ್ಮ ಸೇವೆ ಆ ಕಾಯ್ದೆಯೊಳಗೆ ಬರದಿದ್ದರೂ ಸಂಖ್ಯೆ, ಗಡುವಿನ ದಿನಾಂಕ, ಮೇಲಧಿಕಾರಿಯ ಹುದ್ದೆ ಈ ಮೂರನ್ನೂ ಸ್ವೀಕೃತಿಯಲ್ಲೇ ಕೊಡಿ.

ದೂರಿನ ಸಂಖ್ಯೆ 1001, 1002 ಎಂದು ಸಾಲಾಗಿ ಹೋಗಬಾರದು. ಮುಂದಿನ ಸಂಖ್ಯೆ ಊಹಿಸಿ ಯಾರು ಬೇಕಾದರೂ ಇನ್ನೊಬ್ಬರ ದೂರು ತೆರೆಯಬಹುದು. ಪಕ್ಕದ ಅಕ್ರಮ ಕಟ್ಟಡದ ಮೇಲೆ ದೂರು ಕೊಟ್ಟವರ ಹೆಸರು ಕಟ್ಟಡದ ಮಾಲೀಕರಿಗೆ ಸಿಕ್ಕರೆ ಆಗುವ ಅಪಾಯ ಸಣ್ಣದಲ್ಲ. ಯಾದೃಚ್ಛಿಕವಾದ 8 ಅಂಕಿ ಬಳಸಿ, ಸ್ಥಿತಿ ನೋಡಲು ಮೊಬೈಲಿನ ಕೊನೆಯ 4 ಅಂಕಿಯನ್ನೂ ಕೇಳಿ, ತಪ್ಪು ಪ್ರಯತ್ನಗಳಿಗೆ ಮಿತಿ ಹಾಕಿ. ಸ್ಥಿತಿಯ ಪುಟದಲ್ಲಿ ಹೆಸರು, ಫೋನ್ ಕಾಣಿಸಲೇಬೇಡಿ. ಸ್ಥಳಕ್ಕೆ ಹೋಗುವ ಗುತ್ತಿಗೆದಾರರಿಗೂ ಇವು ಬೇಕಿಲ್ಲ.

ಎಸ್‌ಎಂಎಸ್ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಸಂಕೇತ ಮಾತ್ರ. ಅದು ದಾಟಿದರೆ 67ರ ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ಹಣ ಬೀಳುತ್ತದೆ. ‘ಬೆಂಗಳೂರು’ ಕಣ್ಣಿಗೆ ನಾಲ್ಕು ಅಕ್ಷರ, ಲೆಕ್ಕಕ್ಕೆ 8 ಸಂಕೇತ. ‘ದೂರು 48213907 ದಾಖಲಾಗಿದೆ. ಗಡುವು 14-08.’ ಎಂಬುದು 37ರಲ್ಲಿ ಮುಗಿಯುತ್ತದೆ. ಸಂದೇಶದ ಮಾದರಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಮೊದಲೇ ನೋಂದಾಯಿಸಬೇಕು. ಬದಲಾಗುವ ಭಾಗ ಬಿಟ್ಟು ಬೇರೆಲ್ಲೋ ಒಂದು ಪೂರ್ಣವಿರಾಮ ಹೆಚ್ಚಾದರೂ ಸಂದೇಶ ತಡೆಯಲ್ಪಡಬಹುದು. ಪುಟದಲ್ಲಿ ‘ಕಳಿಸಲಾಗಿದೆ’ ಎಂದಿದ್ದೂ ಜನರಿಗೆ ತಲುಪದಿರಲು ಇದೇ ಕಾರಣ ಎಷ್ಟೋ ಸಲ. ತಲುಪಿದ ವರದಿಯನ್ನು ದಿನವೂ ನೋಡುವ ಕೆಲಸವನ್ನು ಒಬ್ಬರಿಗೆ ವಹಿಸಿ.

ಮುಚ್ಚುವುದು

ಸಿಬ್ಬಂದಿ ‘ಕೆಲಸ ಮುಗಿದಿದೆ’ ಎನ್ನಬಹುದು, ದೂರು ಮುಗಿಯುವುದು ದೂರುದಾರರು ಒಪ್ಪಿದಾಗ. ಕೆಲಸದ ನಂತರದ ಫೋಟೋ ಕಡ್ಡಾಯವಾಗಲಿ, ಅದನ್ನು ತೆಗೆದ ಸ್ಥಳ ದೂರಿನ ಸ್ಥಳದಿಂದ 50 ಮೀಟರ್ ಒಳಗಿದೆಯೇ ಎಂದು ತಂತ್ರಾಂಶವೇ ನೋಡಲಿ. ಫೋಟೋ ಜೊತೆ ‘ಸರಿಯಾಗಿದೆ’, ‘ಸರಿಯಾಗಿಲ್ಲ’ ಎಂಬ ಎರಡೇ ಗುಂಡಿಯ ಕೊಂಡಿ ಕಳಿಸಿ. 7 ದಿನ ಉತ್ತರ ಬರದಿದ್ದರೆ ಮುಚ್ಚಿ, ‘ಉತ್ತರ ಬರಲಿಲ್ಲ’ ಎಂದೇ ದಾಖಲಿಸಿ, ಒಪ್ಪಿದವರ ಲೆಕ್ಕಕ್ಕೆ ಸೇರಿಸಬೇಡಿ. ‘ಸರಿಯಾಗಿಲ್ಲ’ ಎಂದವರ ದೂರು ಅದೇ ಸಂಖ್ಯೆಯಲ್ಲಿ ಮೇಲಧಿಕಾರಿಗೆ ಹೋಗಲಿ, ಗಡುವಿನ ಎಣಿಕೆ ಮೊದಲ ದಿನದಿಂದಲೇ ಮುಂದುವರಿಯಲಿ. ಪ್ರತಿ ಬದಲಾವಣೆಯೂ ಯಾರು, ಯಾವಾಗ ಎಂಬುದರ ಸಮೇತ ಅಳಿಸಲಾಗದ ದಾಖಲೆಯಲ್ಲಿ ಉಳಿಯಲಿ.

ಮಾಸಿಕ ವರದಿಗೆ ‘ಮುಚ್ಚಿದ ದೂರುಗಳ ಶೇಕಡಾವಾರು’ ಒಂದನ್ನೇ ಇಟ್ಟರೆ ಸಿಬ್ಬಂದಿ ಮುಚ್ಚುವುದರಲ್ಲೇ ಪಳಗುತ್ತಾರೆ. ಅದರ ಪಕ್ಕದಲ್ಲಿ ಮತ್ತೆ ತೆರೆದ ದೂರುಗಳ ಪಾಲು, ಹಿಡಿದ ದಿನಗಳ ಕ್ರಮದಲ್ಲಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವ ದೂರಿಗೆ ಹಿಡಿದ ದಿನಗಳು (ಮೀಡಿಯನ್), ಒಂದೇ ಜಾಗದಿಂದ 90 ದಿನದೊಳಗೆ ಮರಳಿ ಬಂದವು, ಇವನ್ನು ವಾರ್ಡ್‌ವಾರು ಇಡಿ. ಮೂರನೆಯ ಅಂಕಿ ಹೆಚ್ಚಿರುವಲ್ಲಿ ತೇಪೆ ಹಾಕುವುದನ್ನು ನಿಲ್ಲಿಸಿ, ಕೊಳವೆಯನ್ನೋ ಚರಂಡಿಯನ್ನೋ ಬದಲಿಸುವ ಅಂದಾಜುಪಟ್ಟಿ ತಯಾರಿಸಲು ಎಂಜಿನಿಯರ್‌ಗೆ ಈ ಪಟ್ಟಿಯನ್ನೇ ದಾಖಲೆಯಾಗಿ ಕೊಡಿ.