ಬಿಳಿ ಹೊಗೆ ಬಂತು ಅಂತ ಮೊದಲೇ ಟರ್ಬೊ ಬಿಚ್ಚಿಸಬೇಡಿ

ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನ ಚಳಿಯಲ್ಲಿ ಯಾವ ಗಾಡಿ ಸ್ಟಾರ್ಟ್ ಮಾಡಿದರೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ. ಅದು ಸಾಮಾನ್ಯವಾಗಿ ಬರೀ ನೀರಿನ ಆವಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಮೇಲೂ ಹೊಗೆ ನಿಲ್ಲದಿದ್ದರೆ ಮಾತ್ರ ಹುಡುಕಲು ಶುರು ಮಾಡಿ.

ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇರುವ ನನ್ನ ಹಳೆಯ ಡೀಸೆಲ್ ಕಾರು ಚಾರ್ಮಾಡಿ ಹತ್ತಿ ಬಂದಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮತ್ತೆ ಸ್ಟಾರ್ಟ್ ಮಾಡಿದರೆ ಹಿಂದೆ ರಸ್ತೆಯೇ ಕಾಣದಷ್ಟು ಬಿಳಿ ಹೊಗೆ. ತೋರಿಸಿದ ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಬದಲಾಯಿಸಬೇಕು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ, ಯಾಕೆಂದರೆ ಟರ್ಬೊ ಹೋದರೆ ಬರುವ ಸುಟ್ಟ ಎಣ್ಣೆಯ ವಾಸನೆ ಹೊಗೆಯಲ್ಲಿ ಇರಲೇ ಇಲ್ಲ.

ಹಾಗಾಗಿ ಮೊದಲು ಬಯಲಿನಲ್ಲಿ ನಿಂತು, ಸ್ವಲ್ಪ ದೂರದಿಂದಲೇ ವಾಸನೆ ನೋಡಿ. ಸಿಹಿ ವಾಸನೆ ಬಂದರೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಒಳಗೆ ಹೋಗಿ ಸುಡುತ್ತಿದೆ. ಆದರೆ ನಮ್ಮ ಕಡೆ ಎಷ್ಟೋ ಜನ ರೇಡಿಯೇಟರ್‌ಗೆ ಬಾವಿ ನೀರನ್ನೇ ಸುರಿದಿರುತ್ತಾರೆ, ಆಗ ಏನೂ ವಾಸನೆ ಬರುವುದಿಲ್ಲ. ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ ಇದ್ದು ಬೆಳಗ್ಗೆ ಇಂಜಿನ್ ನಡುಗಿದರೆ ಗ್ಲೋ ಪ್ಲಗ್ (ತಣ್ಣನೆ ಸಿಲಿಂಡರ್ ಬಿಸಿ ಮಾಡುವುದು), ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವುದು) ನೋಡಿಸಿ. ಅವು ಸರಿ ಇದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಚೆಕ್ ಮಾಡಿಸಿ.

ಆಮೇಲೆ ಇಂಜಿನ್ ಪೂರ್ತಿ ತಣ್ಣಗಾದಾಗ ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ನಾನು ಹಾಕಿದ್ದ ಗೆರೆಯಿಂದ ಎರಡೇ ದಿನದಲ್ಲಿ ನೀರು ಒಂದು ಬೆರಳು ಕೆಳಗಿಳಿದಿತ್ತು, ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಹಿಂಡಿದೆ. ನೀರು ಇನ್ನೂ ಬೆಚ್ಚಗಾಗಿರಲಿಲ್ಲ, ಹೋಸ್ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಡಬ್ಬಿಯಲ್ಲಿ ಬಿಡದೆ ಗುಳ್ಳೆ. ಅಂದರೆ ಸಿಲಿಂಡರ್‌ನ ಗಾಳಿ ಕೂಲೆಂಟ್‌ಗೆ ನುಗ್ಗುತ್ತಿದೆ. ಬಿಚ್ಚಿದಾಗ ಹೆಡ್ ಗ್ಯಾಸ್ಕೆಟ್ಟೇ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿತ್ತು. ಬಿಸಿ ಇರುವಾಗ ಮಾತ್ರ ಕೂಲೆಂಟ್ ಡಬ್ಬಿಯ ಅಥವಾ ರೇಡಿಯೇಟರ್‌ನ ಮುಚ್ಚಳ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೇ ಎರಚುತ್ತದೆ.

ಆಯಿಲ್ ಮುಚ್ಚಳದ ಒಳಗೆ ಕೆನೆ ಥರ ಕಂಡರೂ ಗಾಬರಿ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಹತ್ತಿರ ಹತ್ತಿರವೇ ಓಡಿಸುವ ಗಾಡಿಗಳಲ್ಲಿ ತೇವಕ್ಕೂ ಹಾಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ (ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ಆಯಿಲ್‌ಗೆ ನೀರು ಬೆರೆತಿದೆ, ಓಡಿಸಲೇಬೇಡಿ.

ಟರ್ಬೊ ಮೇಲೆ ಅನುಮಾನ ಬರಬೇಕಾದ್ದು ಹೊಗೆ ಸ್ವಲ್ಪ ನೀಲಿಗೆ ತಿರುಗಿ, ಆಯಿಲ್ ಕಡಿಮೆಯಾಗುತ್ತಾ ಬಂದಾಗ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಗಾಳಿ ಪೈಪ್ ಬಿಚ್ಚಿ ಟರ್ಬೊ ಶಾಫ್ಟ್ ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಡಿದರೆ ಸಹಜ. ಒಳಗೆ ಹೊರಗೆ ಆಡಿದರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಮುಗಿದಿದೆ. ಶಾಫ್ಟ್ ಸರಿ ಇದ್ದೂ ಎಣ್ಣೆ ಜಿನುಗುತ್ತಿದ್ದರೆ ಆಯಿಲ್ ವಾಪಸ್ ಇಳಿಯುವ ಪೈಪ್ ಮತ್ತು ಬ್ರೀದರ್ (ಇಂಜಿನ್ ಒಳಗಿನ ಆವಿ ಹೊರಬಿಡುವ ದಾರಿ) ಕಟ್ಟಿದೆಯಾ ನೋಡಿಸಿ. ಅಷ್ಟು ಕ್ಲೀನ್ ಮಾಡಿದರೆ ಎಷ್ಟೋ ಸಲ ಹೊಗೆ ನಿಲ್ಲುತ್ತದೆ.

ಕೂಲೆಂಟ್ ಇಳಿಯುತ್ತಿದ್ದರೆ ನೀರು ತುಂಬಿಸಿಕೊಂಡು ಘಾಟಿ ಹತ್ತಿಸಬೇಡಿ, ಇಂಜಿನ್ ಕಾದು ಹೆಡ್ ಬೆಂಡ್ ಆಗಬಹುದು. ಟೋ ಮಾಡಿಸಿ.