ನಾಲ್ಕೇ ದಿನದ ಮುಲಾಮು, ಮಾವನ ಬೋಳುತಲೆ

ತಲೆ ತುಂಬ ಆಕ್ಟಿನಿಕ್ ಕೆರಟೋಸಿಸ್ (ವರ್ಷಗಟ್ಟಲೆ ಬಿಸಿಲಿಗೆ ಏಳುವ ಒರಟು ಚಕ್ಕೆಗಳು, ಕೆಲವು ಮುಂದೆ ಕ್ಯಾನ್ಸರ್ ಆಗಬಹುದು) ಇರುವವರು ಚಿಕಿತ್ಸೆಗೆ ಬಂದರೆ ಮೊದಲೆಲ್ಲ ನನಗೆ ಸುಸ್ತಾಗುತ್ತಿತ್ತು. ಕಣ್ಣಿಗೆ ಹತ್ತು ಕಂಡರೆ ಬೆರಳಿಗೆ ಇಪ್ಪತ್ತು ಸಿಗುತ್ತವೆ. ಕಣ್ಣು ಮುಚ್ಚಿ ಸವರಿದರೆ ಥೇಟ್ ಮರಳುಕಾಗದ.

ವರ್ಷಗಟ್ಟಲೆ ದ್ರವ ಸಾರಜನಕ ಊದಿದೆ. ಒಂದನ್ನು ಸುಟ್ಟರೆ ಪಕ್ಕದಲ್ಲೇ ಇನ್ನೊಂದು. ಬಿಸಿಲಿಗೆ ಇಡೀ ಚರ್ಮವೇ ಕೆಟ್ಟಿರುವಾಗ ಒಂದೊಂದನ್ನೇ ಅಟ್ಟಿಸಿಕೊಂಡು ಹೋಗಿ ಏನು ಬಂತು? ಬಿಳಿ ಮಚ್ಚೆಗಳು ಉಳಿದವು, ಅಷ್ಟೇ. ಬಳಸಿದರೂ ಬಿಟ್ಟರೂ ಸಾರಜನಕ ಆವಿಯಾಗುತ್ತದೆ, ಜೊತೆಗೆ ನಮ್ಮ ದುಡ್ಡೂ.

ಕೆಟ್ಟ ಕೋಶಗಳನ್ನು ಕೊಲ್ಲುವ 5% ಫ್ಲೂರೋಯುರಾಸಿಲ್ ಕ್ರೀಮನ್ನು ನಾಲ್ಕು ವಾರ ಹಚ್ಚಿದರೆ ಕೆಲಸ ಮಾಡುತ್ತದೆ. ಹಚ್ಚಬೇಕಲ್ಲ! ಎರಡನೇ ವಾರಕ್ಕೆ ಮುಖ ಕೆಂಪಾಗಿ ಸಿಪ್ಪೆ ಏಳುತ್ತದೆ, ಟ್ಯೂಬು ಕಸದ ಬುಟ್ಟಿ ಸೇರುತ್ತದೆ. ನನ್ನ ಹತ್ತು ಜನರಲ್ಲಿ ನಾಲ್ಕೈದು ಮಂದಿ ಅರ್ಧಕ್ಕೇ ಬಿಟ್ಟಿದ್ದರು.

ಅದೇ ಫ್ಲೂರೋಯುರಾಸಿಲ್ ಜೊತೆ ಕ್ಯಾಲ್ಸಿಪೋಟ್ರಿಯಾಲ್ ಎಂಬ ವಿಟಮಿನ್ ಡಿ ಜಾತಿಯ ಮುಲಾಮನ್ನು ಅರ್ಧರ್ಧ ಬೆರೆಸಿ ನಾಲ್ಕೇ ದಿನ ಹಚ್ಚುವ ಪ್ರಯೋಗದ ವರದಿ 2017ರಲ್ಲಿ ಬಂತು. ಎಂಟು ವಾರದಲ್ಲಿ ಮುಖದ ಚಕ್ಕೆಗಳ ಸಂಖ್ಯೆಯಲ್ಲಿ ಸುಮಾರು 88% ಇಳಿಕೆ. ವ್ಯಾಸಲೀನ್ ಬೆರೆಸಿದವರಲ್ಲಿ 26%. 'ಸೋರಿಯಾಸಿಸ್ ಮುಲಾಮಲ್ವಾ ಅದು?' ಎಂದು ಗೆಳೆಯರು ನಕ್ಕರು.

ಮೊದಲು ಸಿಕ್ಕಿದ್ದು ಸೋದರಮಾವನ ತಲೆ. ಬೆಳ್ಳಗಿನ ಮೈ, ನಲವತ್ತು ವರ್ಷ ಬಯಲಲ್ಲಿ ಸರ್ವೆ ಕೆಲಸ. ದಪ್ಪಗಿದ್ದು ಮುಟ್ಟಿದರೆ ನೋಯುತ್ತಿದ್ದ ಒಂದು ಗಂಟನ್ನು ಮೊದಲೇ ಬಯಾಪ್ಸಿಗೆ ಕಳಿಸಿದೆ. ಅಂಥದಕ್ಕೆ ಮುಲಾಮು ಬಳಿಯುವ ಧೈರ್ಯ ನನಗಿಲ್ಲ. ಉಳಿದದ್ದಕ್ಕೆ ದಿನಕ್ಕೆರಡು ಸಲ ಮುಲಾಮು. ಮೂರನೇ ದಿನ 'ಏನೂ ಆಗಿಲ್ಲ ಕಣೋ, ಸುಮ್ನೆ ದುಡ್ಡು ದಂಡ' ಎಂದರು. ನಿಲ್ಲಿಸಿ ನಾಲ್ಕೈದು ದಿನಕ್ಕೆ ರಾತ್ರಿ ಫೋನ್: 'ಏನೋ ಇದು, ತಲೆ ಕೆಂಡ ಆಗಿದೆ!' ನಿಲ್ಲಿಸಿದ ಮೇಲೇ ಉರಿ ಏರುತ್ತದೆ, ಇದನ್ನು ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಎರಡು ತಿಂಗಳಿಗೆ ಬೆರಳು ಜಾರುವಷ್ಟು ನುಣುಪು.

ಮುಂಗೈಗೆ ಮಾತ್ರ ನಾಲ್ಕು ದಿನ ಸಾಲಲಿಲ್ಲ. ಎಷ್ಟು ಜಾಸ್ತಿ ಮಾಡಿದೆ, ಹಚ್ಚುವ ಮುಂಚೆ ಏನು ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಹಗಲು ಬೆಳಕಿನ ಪಿಡಿಟಿಯನ್ನೂ (ಕ್ರೀಮು ಹಚ್ಚಿ, ದೀಪದ ಬದಲು ಹಗಲ ಬೆಳಕಿನಿಂದ ಕೆಟ್ಟ ಕೋಶಗಳನ್ನು ಕೊಲ್ಲುವ ಚಿಕಿತ್ಸೆ) ಮಾಡಿ ನೋಡಿದೆ. ಕ್ರೀಮು ಹಚ್ಚಿ ಅರ್ಧ ಗಂಟೆಯೊಳಗೆ ಹೊರಗೆ ಕೂರಿಸಿದರೆ ಎರಡು ಗಂಟೆ ಸಾಕು. ದೀಪದಷ್ಟು ನೋವಿಲ್ಲ. ಆದರೆ ಮೂರು ಸಲ ಮಳೆ ಬಂತು. ಸಾಲ ಮಾಡಿ ತಂದ ದೀಪ ಈಗಲೂ ಮುಸುಕು ಹಾಕಿಕೊಂಡು ಮೂಲೆಯಲ್ಲಿದೆ, ಕಂತು ಮಾತ್ರ ತಪ್ಪಿಲ್ಲ.

ಜೋರಾಗಿ ನಕ್ಕಿದ್ದ ಗೆಳೆಯನೇ ಮೊನ್ನೆ ಫೋನ್ ಮಾಡಿದ್ದ: 'ಅರ್ಧರ್ಧ ಅಂದ್ರೆ ತೂಕದಲ್ಲಾ?'